ಬಂದರಿನ ಕೂಲಿಯೂ ಯಂತ್ರದ ಪಾಲೂ

(ವಾಚನಾಲಯದ ಸಭೆಯೊಂದರಲ್ಲಿ ಮಾಡಿದ ಭಾಷಣ)



ಬಂದರಿನ ಕೂಲಿಕಾರರ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ವಾಚನಾಲಯದ ಚಾಲಕರು ನಮ್ಮನ್ನು ಕರೆದಾಗ, ಪಕ್ಕದಲ್ಲಿ ಕುಳಿತಿದ್ದ ಮಿತ್ರರೊಬ್ಬರು ನಕ್ಕು, "ಕಡಲಿನ ಮುಖವನ್ನೇ ಕಾಣದ ಊರಿನಲ್ಲಿ ಹಡಗಿನ ಹಮಾಲರ ಪುರಾಣವನ್ನು ಕೇಳುವವರಾರು?" ಎಂದರು. ಆ ಮಾತಿನಲ್ಲಿ ಅರ್ಥವಿಲ್ಲದಿಲ್ಲ. ಆದರೆ ಕಡಲು ನಾವು ತಿಳಿದಷ್ಟು ದೂರದಲ್ಲಿಲ್ಲ. ಉಗಿಬಂಡಿ ಬರುವುದಕ್ಕೆ ಮೊದಲು ಧಾರವಾಡ ಹುಬ್ಬಳ್ಳಿಗಳ ಎರೆಯ ಮಣ್ಣಿನಲ್ಲಿ ಬೆಳೆದ ಹತ್ತಿಯು ಎತ್ತಿನ ಗಾಡಿಗಳಲ್ಲಿ ಘಟ್ಟವಿಳಿದು ಕುಮಟೆಗೆ ಹೋಗಿ, ಅಲ್ಲಿಂದ ಹಾಯಿಹಡಗುಗಳಲ್ಲಿ ಮುಂಬಯಿಗೆ ಸೇರಿ, ಮುಂಬಯಿಯಿಂದ ಲಿವರ್‌ಪೂಲಿಗೆ ಸಾಗುತ್ತಿದ್ದಿತು. ಪೇಟೆಯಲ್ಲಿ ಆ ಹತ್ತಿಗೆ 'ಕುಮಟಾ' ಎಂದೇ ಹೆಸರು. ಅದು ಕುಮಟೆಯ ಹೊಲದಲ್ಲಿ ಬೆಳೆದುದಲ್ಲ; ಬೆಳೆದ ನಾಡಿನ ಹೆಸರು ಅಳಿದು, ಹಡಗಿಗೆ ಏರಿಸಿದ ಊರಿನ ಹೆಸರು ಉಳಿಯಿತು. ಆ ಹಿಂಡಿಗೆಗಳನ್ನು ಬೆನ್ನ ಮೇಲೆ ಹೊತ್ತು ಏರಿಸಿದ ಮನುಷ್ಯನ ಹೆಸರಾದರೋ ಯಾವ ದಫ್ತರದಲ್ಲಿಯೂ ಬರೆಯಲ್ಪಡಲಿಲ್ಲ. ಆ ಹೆಸರಿಲ್ಲದವನ ಮಾತನ್ನೇ ನಾವು ಇಂದು ಆಡಬೇಕೆಂದಿದ್ದೇವೆ.

೨೦೨೪ನೆಯ ಇಸವಿಯ ಅಕ್ಟೋಬರ ೧ನೆಯ ತಾರೀಖು ಹುಟ್ಟುತ್ತಲೇ, ನಡುರಾತ್ರಿಯ ವೇಳೆಯಲ್ಲಿ, ಅಮೇರಿಕಾದ ಪೂರ್ವತೀರದ ಮೇನ್ ಸಂಸ್ಥಾನದಿಂದ ಹಿಡಿದು ದಕ್ಷಿಣದ ಟೆಕ್ಸಾಸಿನವರೆಗೆ ಸುಮಾರು ೪೫,೦೦೦ ಬಂದರಿನ ಕೂಲಿಕಾರರು ಕೆಲಸವನ್ನು ನಿಲ್ಲಿಸಿಬಿಟ್ಟರು. ಇಂಟರ್‌ನ್ಯಾಶನಲ್ ಲಾಂಗ್‌ಶೋರ್‌ಮೆನ್ಸ್ ಅಸೋಸಿಯೇಶನ್ ಎಂಬುದು ಅವರ ಸಂಘ. ೧೯೭೭ರ ತರುವಾಯ ಆ ಇಡೀ ತೀರದಲ್ಲಿ ಇಂಥ ಮುಷ್ಕರ ನಡೆದಿರಲಿಲ್ಲ. ನಲವತ್ತೇಳು ವರ್ಷದ ಮೌನ ಅಂದು ಮುರಿಯಿತು. ಅವರ ಬೇಡಿಕೆಗಳು ಎರಡು. ಆರು ವರ್ಷಗಳಲ್ಲಿ ಕೂಲಿಯು ನೂರಕ್ಕೆ ೭೭ರಷ್ಟು ಏರಬೇಕೆಂಬುದು ಒಂದು. ಮನುಷ್ಯನಿಲ್ಲದೆ ತಾನಾಗಿ ನಡೆಯುವ ಯಂತ್ರಗಳನ್ನು ಬಂದರಿನೊಳಗೆ ಬಿಡಕೂಡದೆಂಬುದು ಇನ್ನೊಂದು. ಮೂರನೆಯ ದಿನ ಒಡೆಯರು ಕೂಲಿಯ ವಿಷಯದಲ್ಲಿ ಬಹುಮಟ್ಟಿಗೆ ಬಗ್ಗಿದರು. ಗಂಟೆಗೆ ೩೯ ಡಾಲರಿದ್ದ ಮೇಲ್ಮಟ್ಟದ ಕೂಲಿಯು ಆರು ವರ್ಷಗಳಲ್ಲಿ ೬೩ ಡಾಲರಿಗೆ ಏರುವಂತೆ ಮಾತಾಯಿತು. ಕೂಲಿಕಾರರು ಕೆಲಸಕ್ಕೆ ಮರಳಿದರು. ಯಂತ್ರದ ಪ್ರಶ್ನೆಯನ್ನು ಮಾತ್ರ ಜನವರಿಯವರೆಗೆ ಮುಂದೂಡಲಾಯಿತು. ಮೂರು ದಿನದಲ್ಲಿ ಕೂಲಿಯ ಗಂಟು ಬಿಚ್ಚಿತು, ಯಂತ್ರದ ಗಂಟು ಬಿಚ್ಚಲಿಲ್ಲವೆಂಬುದನ್ನು ಸಭಿಕರು ಗಮನಿಸಬೇಕು.

ಈ ಸುದ್ದಿಯನ್ನು ಓದಿದ ನಮ್ಮವರು ಅನೇಕರು ಹುಬ್ಬೇರಿಸಿದರು. ಗಂಟೆಗೆ ಮೂರು ಸಾವಿರ ರೂಪಾಯಿಗಿಂತ ಹೆಚ್ಚು ಗಳಿಸುವ ಹಮಾಲನು ಮುಷ್ಕರ ಹೂಡುವುದೆಂದರೇನು, ಅವನ ಒಂದು ದಿನದ ಗಳಿಕೆ ನಮ್ಮ ಕಿರಿಯ ಶಾಲೆಯ ಮಾಸ್ತರರ ತಿಂಗಳ ಸಂಬಳದ ಹತ್ತಿರ ಬಂತಲ್ಲ, ಎಂದು ಮಾಸ್ತರರೊಬ್ಬರೇ ನಮ್ಮೊಡನೆ ಹೇಳಿದರು. ಖಾಸಗಿ ಶಾಲೆಗಳಲ್ಲಿ ದುಡಿಯುವವರ ಪಾಡನ್ನು ನೆನೆದರೆ ಆ ಮಾತಿಗೆ ಎದುರು ಹೇಳುವುದು ಕಷ್ಟ. ಆದರೆ ಕೂಲಿಯನ್ನು ಅಳೆಯುವಾಗ ನಮ್ಮ ಊರಿನ ಕೊಳಗವನ್ನು ಇನ್ನೊಂದು ಊರಿಗೆ ಒಯ್ಯಬಾರದು. ಅಲ್ಲಿಯ ಮನೆಬಾಡಿಗೆ, ಅಲ್ಲಿಯ ವೈದ್ಯನ ಖರ್ಚು, ಅಲ್ಲಿಯ ದಿನಸಿ ಅಲ್ಲಿಯವೇ. ಅದಿರಲಿ. ಅವರ ಹಿಂದಿನ ಕರಾರು ೨೦೧೮ರಲ್ಲಿ, ಮಹಾಮಾರಿಗೆ ಮೊದಲು ಆದದ್ದು. ರೋಗದ ಆ ವರ್ಷಗಳಲ್ಲಿ ಊರೆಲ್ಲ ಬಾಗಿಲು ಹಾಕಿಕೊಂಡಿದ್ದಾಗಲೂ ಬಂದರುಗಳು ಮುಚ್ಚಲಿಲ್ಲ. ಧಾರಣೆಗಳು ಏರಿದುವು, ಕರಾರಿನ ಕೂಲಿ ಕರಾರಿನಂತೆಯೇ ಇದ್ದಿತು. ಅದೇ ಕಾಲದಲ್ಲಿ ಹಡಗಿನ ಕಂಪನಿಗಳು ಎಂದೂ ಕಾಣದ ಲಾಭವನ್ನು ಕಂಡುವು: ಡೆನ್ಮಾರ್ಕಿನ ಮರ್ಸ್ಕ್ ಕಂಪನಿಯೊಂದಕ್ಕೇ ೨೦೨೨ರಲ್ಲಿ ಸುಮಾರು ೨೯ ಶತಕೋಟಿ ಡಾಲರು ಲಾಭ. ಇಷ್ಟನ್ನು ತಿಳಿದ ಮೇಲೆ ನಮ್ಮ ಹುಬ್ಬುಗಳು ಕೊಂಚ ಇಳಿಯಬಹುದು.

ಬಂದರಿನ ಕೂಲಿಕಾರನು ಯಂತ್ರವೆಂದೊಡನೆ ಏಕೆ ಬೆಚ್ಚುತ್ತಾನೆಂಬುದನ್ನು ತಿಳಿಯಬೇಕಾದರೆ ನೂರಮೂವತ್ತು ವರ್ಷಕ್ಕೂ ಹಿಂದಕ್ಕೆ, ಲಂಡನ್ನಿನ ಥೇಮ್ಸ್ ನದಿಯ ದಂಡೆಗೆ ಹೋಗಬೇಕು. ಆಗ ಇಂಗ್ಲಂಡದ ಸಾಮ್ರಾಜ್ಯದ ಸಂಪತ್ತೆಲ್ಲ ಅಲ್ಲಿ ಇಳಿಯುತ್ತಿದ್ದಿತು. ಈಸ್ಟ್ ಇಂಡಿಯಾ ಡಾಕ್, ವೆಸ್ಟ್ ಇಂಡಿಯಾ ಡಾಕ್ ಎಂಬ ಹೆಸರುಗಳೇ ಅದನ್ನು ಸಾರುತ್ತವೆ. ಆ ಸಂಪತ್ತನ್ನು ಇಳಿಸುವವನು ಹೇಗಿದ್ದನು? ಬೆಳಗಾಗುವುದರೊಳಗಾಗಿ ಸಾವಿರಾರು ಜನ ಡಾಕಿನ ಬಾಗಿಲಲ್ಲಿ ಕಿಕ್ಕಿರಿದು ನಿಲ್ಲುವರು. ಮೇಸ್ತ್ರಿಯು ಬಂದು ಮುಖಗಳನ್ನು ನೋಡಿ ಕೆಲವರನ್ನು ಕರೆಯುವನು. ಕರೆ ಬಂದವನಿಗೆ ಅಂದು ಅನ್ನ. ಬಾರದವನು ಬಂದ ದಾರಿಯಲ್ಲಿ ಹಿಂದಿರುಗಬೇಕು. ಒಂದು ಚೀಟಿಗಾಗಿ ಒಬ್ಬರ ಮೇಲೊಬ್ಬರು ಬಿದ್ದು ಬಟ್ಟೆ ಹರಿಯುವಂತೆ ಹೊಡೆದಾಡಿದುದುಂಟು. ಕೂಲಿ ಗಂಟೆಗೆ ಐದು ಪೆನ್ನಿ. ಅದೂ ಇಡೀ ದಿನಕ್ಕೆಂದು ಖಾತ್ರಿಯಿಲ್ಲ. ಒಂದು ಗಂಟೆ ದುಡಿಸಿಕೊಂಡು ಹೊರಗೆ ಕಳಿಸಬಹುದು. ಡಾಕೊಂದರ ಮ್ಯಾನೇಜರನೇ ಪಾರ್ಲಿಮೆಂಟಿನ ಸಮಿತಿಯ ಮುಂದೆ ಸಾಕ್ಷಿ ನುಡಿಯುತ್ತ, ಈ ಜನರು ಹಸಿದ ಹೊಟ್ಟೆಯಲ್ಲಿ ಕೆಲಸಕ್ಕೆ ಬರುತ್ತಾರೆಂದೂ, ಒಂದು ಗಂಟೆಯ ಐದು ಪೆನ್ನಿ ಕೈಗೆ ಬರುತ್ತಲೇ ಏನಾದರೂ ತಿನ್ನಲು ಹೋಗಿಬಿಡುತ್ತಾರೆಂದೂ ಒಪ್ಪಿಕೊಂಡನು. ಒಡೆಯರ ಕಡೆಯವನ ಬಾಯಿಂದಲೇ ಬಂದ ಮಾತಿದು.

೧೮೮೯ನೆಯ ಇಸವಿಯ ಆಗಸ್ಟ ೧೪ರಂದು ಮುಷ್ಕರ ಪ್ರಾರಂಭವಾಯಿತು. ಬೆನ್ ಟಿಲ್ಲೆಟ್, ಟಾಮ್ ಮ್ಯಾನ್, ಜಾನ್ ಬರ್ನ್ಸ್ ಎಂಬವರು ಮುಂದಾಳುಗಳು. ಅವರು ಕೇಳಿದುದಾದರೂ ಎಷ್ಟು? ಐದು ಪೆನ್ನಿ ಆರು ಪೆನ್ನಿಯಾಗಬೇಕು, ಹೊತ್ತು ಮೀರಿದ ಕೆಲಸಕ್ಕೆ ಎಂಟು ಪೆನ್ನಿ ಸಿಕ್ಕಬೇಕು, ಕರೆದವನನ್ನು ನಾಲ್ಕು ಗಂಟೆಗಳಿಗೆ ಕಡಮೆಯಿಲ್ಲದೆ ಕೆಲಸದಲ್ಲಿಟ್ಟುಕೊಳ್ಳಬೇಕು. ಒಂದು ಪೆನ್ನಿಯ ಜಗಳಕ್ಕೆ ಜಗತ್ತಿನ ಅತಿ ದೊಡ್ಡ ಬಂದರು ಸ್ತಬ್ಧವಾಯಿತು. ಪ್ರತಿದಿನವೂ ಅವರು ಸಾಹುಕಾರರ ಬೀದಿಗಳಲ್ಲಿ ಮೆರವಣಿಗೆ ಹೊರಟರು. ಕೋಲುಗಳ ತುದಿಗೆ ಮೀನಿನ ತಲೆಗಳನ್ನೂ ಕೊಳೆತ ಉಳ್ಳಾಗಡ್ಡಿಗಳನ್ನೂ ಸಿಕ್ಕಿಸಿಕೊಂಡು, ಇದೇ ನಮ್ಮ ಊಟವೆಂದು ತೋರಿಸುತ್ತ ನಡೆದರು. ಕಲ್ಲೆಸೆಯಲಿಲ್ಲ, ಅಂಗಡಿ ದೋಚಲಿಲ್ಲ. ಈ ಶಿಸ್ತನ್ನು ಕಂಡು ನಡುವಿನ ವರ್ಗದ ಜನರ ಮನಸ್ಸು ತಿರುಗಿತು. ಆದರೂ ತಿಂಗಳು ತುಂಬುವ ಹೊತ್ತಿಗೆ ಸಂಘದ ಪೆಟ್ಟಿಗೆ ಬರಿದಾಗತೊಡಗಿತು. ಆಗ ಭೂಗೋಲದ ಆಚೆಯ ಬದಿಯಿಂದ, ಆಸ್ಟ್ರೇಲಿಯದ ಕೂಲಿಕಾರರಿಂದಲೂ ಜನರಿಂದಲೂ, ಸುಮಾರು ೩೦,೦೦೦ ಪೌಂಡುಗಳ ನೆರವು ಬಂದಿತು. ಎಂಬತ್ತೊಂದು ವರ್ಷದ ಕಾರ್ಡಿನಲ್ ಮ್ಯಾನಿಂಗರು ನಡುವೆ ನಿಂತು ಸಂಧಾನ ಮಾಡಿದರು. ಸೆಪ್ಟೆಂಬರದ ನಡುವಿನಲ್ಲಿ ಆರು ಪೆನ್ನಿ ಸಿಕ್ಕಿತು.

ಗೆಲುವು ದೊಡ್ಡದು. ಆದರೆ ಅದರ ಮಿತಿಯನ್ನೂ ಹೇಳಬೇಕು. ಬಾಗಿಲಲ್ಲಿ ನಿಂತು ಕರೆಗಾಗಿ ಕಾಯುವ ಪದ್ಧತಿ ಆ ಮುಷ್ಕರದಿಂದ ಹೋಗಲಿಲ್ಲ. ಕೂಲಿಕಾರರ ಹೆಸರುಗಳನ್ನು ಪಟ್ಟಿಯಲ್ಲಿ ಬರೆದು ಕೆಲಸವಿಲ್ಲದ ದಿನಕ್ಕೂ ಹಾಜರಿಯ ಹಣ ಕೊಡುವ ಯೋಜನೆ ಇಂಗ್ಲಂಡದಲ್ಲಿ ಬಂದದ್ದು ೧೯೪೭ರಲ್ಲಿ. ದಿನಗೂಲಿಯ ಪದ್ಧತಿ ಪೂರ್ತಿಯಾಗಿ ನಿಂತದ್ದು ೧೯೬೭ರಲ್ಲಿ. ಅಷ್ಟರಲ್ಲಿ ಹೊಸ ಯಂತ್ರ ಬಾಗಿಲಿಗೆ ಬಂದು ನಿಂತಿದ್ದಿತು. ಹೆಸರು ಪಟ್ಟಿಗೆ ಏರುವುದಕ್ಕೆ ಐವತ್ತೆಂಟು ವರ್ಷ ಹಿಡಿಯಿತು, ಪಟ್ಟಿಯೇ ಹರಿದುಹೋಗುವುದಕ್ಕೆ ಅಷ್ಟು ಹಿಡಿಯಲಿಲ್ಲ: ೧೯೮೯ರಲ್ಲಿ ಆ ಯೋಜನೆಯನ್ನೇ ಸರಕಾರ ರದ್ದುಮಾಡಿತು. ವೆಸ್ಟ್ ಇಂಡಿಯಾ ಡಾಕು ೧೯೮೦ರಲ್ಲಿಯೇ ಮುಚ್ಚಿದ್ದಿತು. ಒಂದು ಕಾಲದಲ್ಲಿ ಹಸಿದವರು ಚೀಟಿಗಾಗಿ ಹೊಡೆದಾಡಿದ ಆ ಸ್ಥಳದಲ್ಲಿ ಇಂದು ಬ್ಯಾಂಕುಗಳ ಗೋಪುರಗಳು ನಿಂತಿವೆ.

ಅಮೇರಿಕಾದ ಪಶ್ಚಿಮತೀರದಲ್ಲಿಯೂ ಇದೇ ಕಥೆ, ಆದರೆ ಅಲ್ಲಿ ರಕ್ತ ಸುರಿಯಿತು. ೧೯೩೪ರ ಮೇ ೯ರಿಂದ ೮೩ ದಿನ ಆ ತೀರದ ಬಂದರುಗಳು ನಿಂತುವು. ಜುಲೈ ೫ರಂದು ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಪೋಲೀಸರ ಗುಂಡಿಗೆ ಇಬ್ಬರು ಬಿದ್ದರು. ಕೆಲದಿನಗಳಲ್ಲಿಯೇ ಇಡೀ ಪಟ್ಟಣವು ಸಾರ್ವತ್ರಿಕ ಮುಷ್ಕರ ಹೂಡಿತು. ಕೊನೆಗೆ ಪಂಚರ ತೀರ್ಪಿನಿಂದ ಗಂಟೆಗೆ ೯೫ ಸೆಂಟು ಕೂಲಿಯೂ ಆರು ಗಂಟೆಯ ದಿನವೂ ದೊರೆತುವು. ಇವೆರಡಕ್ಕಿಂತ ನಮಗೆ ಮುಖ್ಯವಾಗಿ ಕಾಣುವುದು ಮೂರನೆಯದು. ಕೆಲಸ ಹಂಚುವ ಚಾವಡಿಯಲ್ಲಿ ಹೆಸರು ಕರೆಯುವವನನ್ನು ಸಂಘವೇ ಆರಿಸುವುದೆಂದು ನಿರ್ಧಾರವಾಯಿತು. ಆಮೇಲೆ ಅಲ್ಲಿ ನೆಲೆಗೊಂಡ ಕ್ರಮವು ಬಹು ಸರಳವಾದುದು. ಅದುವರೆಗೆ ಯಾರಿಗೆ ಎಲ್ಲರಿಗಿಂತ ಕಡಮೆ ಗಂಟೆಗಳ ಕೆಲಸ ಸಿಕ್ಕಿದೆಯೋ ಅವನ ಹೆಸರನ್ನೇ ಮೊದಲು ಕರೆಯಬೇಕು. ಮೇಸ್ತ್ರಿಗೆ ಬಾಟಲಿ ಕೊಟ್ಟವನಿಗೆ, ಮೇಸ್ತ್ರಿಯ ನಂಟನಿಗೆ, ಮೇಸ್ತ್ರಿಯ ಎದುರು ತಲೆತಗ್ಗಿಸಿದವನಿಗೆ ಎಂಬ ಲೆಕ್ಕವೆಲ್ಲ ತೊಡೆದುಹೋಯಿತು. ಸರದಿಯ ಮಹತ್ವವನ್ನು ಶಾಲೆಯಲ್ಲಿ ಹುಡುಗರಿಗೆ ಕಲಿಸುವ ಮಾಸ್ತರರಿಗೆ ಇದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಮಾತೂ ಆ ಜಗಳದಲ್ಲಿದ್ದಿತು. ಒಡೆಯರು ಒಂದೊಂದು ಬಂದರಿನೊಡನೆ ಬೇರೆಬೇರೆ ಕರಾರು ಮಾಡಬಯಸಿದರು. ಕೂಲಿಕಾರರು ಇಡೀ ತೀರಕ್ಕೆ ಒಂದೇ ಕರಾರು ಆಗಬೇಕೆಂದರು. ಒಂದು ಬಂದರಿನಲ್ಲಿ ಮುಷ್ಕರವಾದರೆ ಹಡಗು ಪಕ್ಕದ ಬಂದರಿಗೆ ತಿರುಗುವುದೆಂಬ ಭಯ ಅವರಿಗಿತ್ತು. ಹರಿದುಹಂಚಿದ ಕರಾವಳಿಯ ಕಷ್ಟವೇನೆಂಬುದನ್ನು ಕನ್ನಡಿಗರಿಗೆ ಹೊಸತಾಗಿ ತಿಳಿಸಬೇಕೇ? ೧೮೬೨ರಲ್ಲಿ ನಮ್ಮ ಕಾನಡಾ ಜಿಲ್ಲೆಯ ಉತ್ತರಭಾಗವನ್ನು ಮುಂಬಯಿಗೆ ಕಟ್ಟಿ, ದಕ್ಷಿಣವನ್ನು ಮದ್ರಾಸಿಗೆ ಉಳಿಸಲಾಯಿತು. ಕಾರವಾರ ಕುಮಟೆಗಳ ಕಾಗದಗಳು ಒಂದು ರಾಜಧಾನಿಗೆ, ಮಂಗಳೂರಿನವು ಇನ್ನೊಂದು ರಾಜಧಾನಿಗೆ ಹೋಗುತ್ತ ಬಂದುವು. ಒಂದೇ ಭಾಷೆಯಾಡುವ ಒಂದೇ ದಂಡೆಯ ಜನರು ಒಂದು ರಾಜ್ಯದೊಳಗೆ ಸೇರಿದ್ದು ೧೯೫೬ರ ನವೆಂಬರ ೧ರಂದು.

ಆ ೧೯೫೬ರಲ್ಲಿಯೇ, ನಮ್ಮ ನಾಡು ಒಂದುಗೂಡುವುದಕ್ಕೆ ಆರು ತಿಂಗಳು ಮುಂಚೆ, ಏಪ್ರಿಲ ೨೬ರಂದು, ಅಮೇರಿಕಾದ ನೆವಾರ್ಕ್ ಬಂದರಿನಿಂದ ಐಡಿಯಲ್ ಎಕ್ಸ್ ಎಂಬ ಹಳೆಯ ಎಣ್ಣೆಯ ಹಡಗು ಹ್ಯೂಸ್ಟನ್ನಿಗೆ ಹೊರಟಿತು. ಅದರ ಅಟ್ಟದ ಮೇಲೆ ೫೮ ಲೋಹದ ಪೆಟ್ಟಿಗೆಗಳಿದ್ದುವು. ಲಾರಿಯ ವ್ಯಾಪಾರದಲ್ಲಿ ಮೇಲೆ ಬಂದ ಮಾಲ್ಕಮ್ ಮೆಕ್‌ಲೀನ್ ಎಂಬಾತನ ಯೋಜನೆಯದು. ಅದುವರೆಗೆ ಹಡಗು ತುಂಬುವುದೆಂದರೆ ಚೀಲ, ಪೀಪಾಯಿ, ಹಿಂಡಿಗೆ, ಪೆಟ್ಟಿಗೆ ಇವನ್ನೆಲ್ಲ ಒಂದೊಂದಾಗಿ ಹಗ್ಗದ ಬಲೆಯಲ್ಲಿ ಎತ್ತಿ, ಹಡಗಿನ ಹೊಟ್ಟೆಯೊಳಗೆ ಕೊಕ್ಕೆ ಹಾಕಿ ಎಳೆದು, ಅಲೆಯ ಹೊಡೆತಕ್ಕೆ ಅಲುಗದಂತೆ ಸಂದುಗೊಂದು ನೋಡಿ ಒಟ್ಟುವುದು. ಅದೊಂದು ವಿದ್ಯೆ. ಭಾರವಾದುದು ಎಲ್ಲಿ, ಒಡೆಯುವುದು ಎಲ್ಲಿ, ವಾಸನೆಯದು ಯಾವುದರಿಂದ ದೂರ, ಮೊದಲಿನ ಬಂದರಿನಲ್ಲಿ ಇಳಿಯಬೇಕಾದುದು ಎಷ್ಟು ಮೇಲೆ, ಇವೆಲ್ಲ ಅನುಭವಸ್ಥನ ಕೈಗೆ ತಿಳಿಯುತ್ತಿದ್ದುವು. ಇಪ್ಪತ್ತು ಜನರ ತಂಡಗಳು ದಿನಗಟ್ಟಲೆ ದುಡಿದರೆ ಒಂದು ಹಡಗು ತೆರಪಾಗುತ್ತಿದ್ದಿತು. ಹೊಸ ಪದ್ಧತಿಯಲ್ಲಿ ಸರಕನ್ನು ಕಾರಖಾನೆಯಲ್ಲಿಯೇ ಪೆಟ್ಟಿಗೆಯೊಳಗೆ ತುಂಬಿ ಬೀಗ ಹಾಕಿದರಾಯಿತು; ಬಂದರಿನಲ್ಲಿ ಅದನ್ನು ಬಿಚ್ಚುವ ಕೆಲಸವೇ ಇಲ್ಲ. ಬಿಡಿ ಸರಕನ್ನು ಹಡಗಿಗೆ ತುಂಬಲು ಆ ವರ್ಷ ಟನ್ನಿಗೆ ೫ ಡಾಲರು ೮೩ ಸೆಂಟು ಹಿಡಿಯುತ್ತಿದ್ದಿತು. ಐಡಿಯಲ್ ಎಕ್ಸ್ ಹಡಗಿನಲ್ಲಿ ತಗಲಿದ ಖರ್ಚು ಟನ್ನಿಗೆ ೧೬ ಸೆಂಟಿನಷ್ಟು ಮಾತ್ರ.

ಈ ಅಂಕೆಯನ್ನು ಎರಡು ಬಗೆಯಾಗಿ ಓದಬಹುದು. ವ್ಯಾಪಾರಿಯು ಓದಿದರೆ, ಕಳವು ತಪ್ಪಿತು, ಒಡೆಯುವುದು ತಪ್ಪಿತು, ಹಡಗು ದಂಡೆಯಲ್ಲಿ ಕೊಳೆಯುವುದು ತಪ್ಪಿತು, ಸರಕು ಅಗ್ಗವಾಯಿತು. ಇವೆಲ್ಲ ನಿಜವೇ, ನಮ್ಮ ಮನೆಗಳಲ್ಲಿರುವ ನೂರು ವಸ್ತುಗಳು ಆ ಪೆಟ್ಟಿಗೆಯ ದಯೆಯಿಂದಲೇ ಬಂದಿವೆ. ಬೆನ್ನು ಮುರಿಯುವ ಹೊರೆಯನ್ನು ಯಂತ್ರ ಹೊತ್ತರೆ ಅಳುವ ಕಾರಣವೂ ಇಲ್ಲ. ಅದನ್ನೇ ಕೂಲಿಕಾರನು ಓದಿದರೆ, ಉಳಿದ ಐದೂವರೆ ಡಾಲರಿಗಿಂತ ಹೆಚ್ಚಿನ ಹಣವೆಲ್ಲ ತನ್ನ ಮನೆಯ ಒಲೆಯಿಂದ ಹೋದದ್ದು. ಅದು ಯಾರ ಪಾಲಾಗಬೇಕು? ಬಂದರಿನ ಜಗಳವೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ತಿರುಗುತ್ತ ಬಂದಿದೆಯೆಂದು ನಮ್ಮ ಅಭಿಪ್ರಾಯ. ಯಂತ್ರ ಬೇಕೋ ಬೇಡವೋ ಎಂಬುದು ಅದರ ಹೊರಮೈ ಮಾತ್ರ.

ಪಶ್ಚಿಮತೀರದ ಕೂಲಿಕಾರರು ಈ ಪ್ರಶ್ನೆಯನ್ನು ಎದುರಿಸಿದ ರೀತಿ ವಿಚಾರಮಾಡತಕ್ಕದ್ದು. ಅವರ ಮುಂದಾಳು ಹ್ಯಾರಿ ಬ್ರಿಜಸ್, ಹುಟ್ಟಿನಿಂದ ಆಸ್ಟ್ರೇಲಿಯದವನು, ೧೯೩೪ರ ಹೋರಾಟದಲ್ಲಿ ಹದಗೊಂಡವನು. ಬಂಡವಾಳದ ಗೆಳೆಯನೆಂದು ಅವನನ್ನು ಯಾರೂ ದೂರುವಂತಿರಲಿಲ್ಲ. ಸರಕಾರವು ಅವನನ್ನು ದೇಶದಿಂದ ಹೊರಗಟ್ಟಲು ವರ್ಷಗಟ್ಟಲೆ ಹೆಣಗಿದ್ದಿತು. ಅಂಥವನೇ ತನ್ನವರ ಮುಂದೆ ನಿಂತು, ಈ ಯಂತ್ರವನ್ನು ತಡೆಯಲು ನಮ್ಮಿಂದಾಗದು, ಬರುವುದಾದರೆ ಬೆಲೆ ಕಟ್ಟಿ ಬರಲಿ ಎಂದನು. ೧೯೬೦ರ ಅಕ್ಟೋಬರದಲ್ಲಿ ಕರಾರಾಯಿತು. ಒಡೆಯರಿಗೆ ತಂಡದ ಜನರನ್ನು ಕಡಮೆಮಾಡುವ, ಹೊಸ ಯಂತ್ರಗಳನ್ನು ತರುವ ಸ್ವಾತಂತ್ರ್ಯ. ಪ್ರತಿಯಾಗಿ ಅವರು ಐದೂವರೆ ವರ್ಷಗಳಲ್ಲಿ ೨ ಕೋಟಿ ೯೦ ಲಕ್ಷ ಡಾಲರುಗಳನ್ನು ಕೂಲಿಕಾರರ ನಿಧಿಗೆ ಕಟ್ಟಬೇಕು. ಪಟ್ಟಿಯಲ್ಲಿದ್ದವನನ್ನು ಯಂತ್ರದ ಕಾರಣದಿಂದ ತೆಗೆಯಕೂಡದು. ಯಂತ್ರದಿಂದ ಕೆಲಸ ಕಡಮೆಯಾದರೆ ವಾರಕ್ಕೆ ೩೫ ಗಂಟೆಗಳ ಕೂಲಿಯ ಖಾತ್ರಿ. ೨೫ ವರ್ಷ ದುಡಿದು ಅರವತ್ತೈದಕ್ಕೆ ನಿವೃತ್ತನಾಗುವವನಿಗೆ, ಪೆನ್ಶನ್ನಿನ ಮೇಲೆ, ೭,೯೨೦ ಡಾಲರಿನ ಗಂಟು.

ಮೊದಲಸಲ ಇದನ್ನು ಓದಿದಾಗ ನಮಗೆ ಆನಂದವಾಯಿತೆಂಬುದನ್ನು ಒಪ್ಪಿಕೊಳ್ಳುತ್ತೇವೆ. ಯಂತ್ರವು ಉಳಿಸಿದ ದುಡಿಮೆಯಲ್ಲಿ ದುಡಿದವನಿಗೂ ಪಾಲುಂಟೆಂದು ಒಡೆಯರ ಸಹಿಯೊಡನೆ ಕಾಗದದ ಮೇಲೆ ಬಂದಿತಲ್ಲ ಎಂದುಕೊಂಡೆವು. ಎರಡನೆಯ ಸಲ ಓದಿದಾಗ 'ಪಟ್ಟಿಯಲ್ಲಿದ್ದವನನ್ನು' ಎಂಬ ಮಾತಿನ ಮೇಲೆ ಕಣ್ಣು ನಿಂತಿತು. ಆ ಬಂದರುಗಳಲ್ಲಿ ಎರಡು ಪಟ್ಟಿಗಳಿದ್ದುವು. ಒಂದನೆಯದರಲ್ಲಿ ಹಳಬರು, ಸಂಘದ ಪೂರ್ಣ ಸದಸ್ಯರು. ಎರಡನೆಯದರಲ್ಲಿ ಎಳೆಯರು, ಹಳಬರು ಬಿಟ್ಟ ಕೆಲಸ ಅವರಿಗೆ. ಅದೇ ಹಡಗು, ಅದೇ ಕೊಕ್ಕೆ, ಅದೇ ಬೆವರು. ಆದರೆ ಖಾತ್ರಿಯೂ ಗಂಟೂ ಅವರಿಗಿಲ್ಲ. ಇಂದಿನವರು ತಮ್ಮ ಕಾಲದ ಹಕ್ಕನ್ನು ಒಳ್ಳೆಯ ಬೆಲೆಗೆ ಮಾರಿದರು. ಅದರೊಡನೆ ನಾಳಿನವರ ಕೆಲಸವೂ ಮಾರಿಹೋಯಿತೇ ಎಂಬ ಪ್ರಶ್ನೆಗೆ ಸಂಘದ ಒಳಗೇ ಬಿರುಸಾದ ವಾದಗಳಾದುವು. ಹತ್ತು ವರ್ಷಗಳಲ್ಲಿ ಪೆಟ್ಟಿಗೆಗಳು ಎಲ್ಲರ ಎಣಿಕೆಯನ್ನೂ ಮೀರಿ ಬೆಳೆದುವು. ೧೯೭೧ರ ಜುಲೈಯಲ್ಲಿ ಅದೇ ತೀರ ಮತ್ತೆ ಮುಷ್ಕರ ಹೂಡಿತು. ಸರಕಾರದ ತಡೆಯಾಜ್ಞೆಯ ದಿನಗಳನ್ನು ಕಳೆದು ಲೆಕ್ಕಹಾಕಿದರೂ ಅದು ೧೩೪ ದಿನ ನಡೆಯಿತು. ೧೯೩೪ರಲ್ಲಿ ರಕ್ತ ಬಿದ್ದ ಸ್ಯಾನ್‌ಫ್ರಾನ್ಸಿಸ್ಕೋದ ಕಟ್ಟೆಗಳಿಗೆ ಹಡಗುಗಳು ಬರುವುದೇ ವಿರಳವಾಯಿತು, ಪೆಟ್ಟಿಗೆಗಳೆಲ್ಲ ಎದುರುದಡದ ಓಕ್‌ಲಂಡಿಗೆ ಹೋದುವು.

ಪೂರ್ವತೀರದವರು ಬೇರೆ ಹಾದಿ ಹಿಡಿದರು. ನ್ಯೂಯಾರ್ಕಿನಲ್ಲಿ ೧೯೬೫ರ ಕರಾರಿನಂತೆ ತಂಡವು ಇಪ್ಪತ್ತರಿಂದ ಹದಿನೇಳಕ್ಕೆ ಇಳಿಯುವುದೆಂದೂ, ಪಟ್ಟಿಯವನಿಗೆ ಕೆಲಸವಿರಲಿ ಇಲ್ಲದಿರಲಿ ವರ್ಷಕ್ಕೆ ೧,೬೦೦ ಗಂಟೆಗಳ ಕೂಲಿ ಸಲ್ಲತಕ್ಕದ್ದೆಂದೂ ಗೊತ್ತಾಯಿತು. ಪೆಟ್ಟಿಗೆಯಲ್ಲಿ ಬಂದ ಸರಕಿನ ಟನ್ನಿಗಿಷ್ಟೆಂದು ಕೂಲಿಕಾರರ ನಿಧಿಗೆ ಕಟ್ಟುವ ಪದ್ಧತಿಯೂ ಅಲ್ಲಿ ಬೆಳೆಯಿತು. ಈ ಸಂಘದ ಚರಿತ್ರೆಯೆಲ್ಲ ಗಂಗಾಜಲವೆಂದು ನಾವು ಹೇಳುವುದಿಲ್ಲ. ನ್ಯೂಯಾರ್ಕಿನ ಕಟ್ಟೆಗಳಲ್ಲಿ ಸುಲಿಗೆಗಾರರೂ ಪುಂಡರೂ ಸಂಘದ ಹೆಸರಿನಲ್ಲಿ ಮೆರೆದರು. ೧೯೫೩ರಲ್ಲಿ ಅಮೇರಿಕಾದ ಕಾರ್ಮಿಕ ಮಹಾಸಂಘವೇ ಇದನ್ನು ತನ್ನಿಂದ ಹೊರಹಾಕಿತು. ಹೆಸರು ಕರೆಯುವ ಅಧಿಕಾರವು ಮೇಸ್ತ್ರಿಯ ಕೈಯಿಂದ ತಪ್ಪಿ ಸಂಘದೊಳಗಿನ ಮೇಸ್ತ್ರಿಯ ಕೈಗೆ ಹೋದರೆ ಬಡವನಿಗೆ ಎರಡೂ ಒಂದೇ.

ಪೆಟ್ಟಿಗೆಯು ಹೊರುವವನನ್ನು ಕಳೆಯಿತು. ಆಮೇಲಿನ ಯಂತ್ರಗಳು ಯಂತ್ರ ನಡೆಸುವವನನ್ನೇ ಕಳೆಯತೊಡಗಿದುವು. ಹಾಲಂಡದ ರಾಟರ್‌ಡಾಮಿನಲ್ಲಿ ೧೯೯೩ರಿಂದಲೇ ಸಾರಥಿಯಿಲ್ಲದ ಗಾಡಿಗಳು ಪೆಟ್ಟಿಗೆಗಳನ್ನು ಹೊತ್ತು ಓಡಾಡಿದುವು; ಅಂಗಳದಲ್ಲಿ ಅವನ್ನು ಒಟ್ಟುವ ಎತ್ತುಗಂಬಗಳಲ್ಲಿಯೂ ಮನುಷ್ಯನಿಲ್ಲ. ಪೆಟ್ಟಿಗೆಯ ಮೇಲಿನ ಅಂಕೆಯನ್ನು ಓದಿ ಬರೆದುಕೊಳ್ಳುವ ಗುಮಾಸ್ತನ ಕೆಲಸವನ್ನು ಕ್ಯಾಮರಾ ಮಾಡುವುದು. ೨೦೦೨ರಲ್ಲಿ ಅಮೇರಿಕಾದ ಪಶ್ಚಿಮತೀರದಲ್ಲಿ ಈ ಗುಮಾಸ್ತರ ಪ್ರಶ್ನೆಯಿಂದಲೇ ಜಗಳವೆದ್ದು, ಒಡೆಯರು ಹತ್ತು ದಿನ ಬಂದರುಗಳಿಗೆ ಬೀಗ ಹಾಕಿದರು. ೨೦೨೪ರ ಮುಷ್ಕರದ ಮೊದಲ ಕಿಡಿಯೂ ಒಂದು ಬಾಗಿಲಿನಿಂದಲೇ ಹಾರಿತು. ಅಲಬಾಮಾದ ಮೊಬೀಲ್ ಬಂದರಿನಲ್ಲಿ ಲಾರಿಗಳನ್ನು ಸಂಘದ ಗುಮಾಸ್ತರಿಲ್ಲದೆ ತಾನೇ ಒಳಗೆ ಬಿಡುವ ಬಾಗಿಲನ್ನು ನಡೆಸುತ್ತಿದ್ದಾರೆಂದು ಹೇಳಿ, ಜೂನಿನಲ್ಲಿ ಸಂಘವು ಮಾತುಕತೆಯನ್ನು ಮುರಿಯಿತು. ೧೮೮೯ರಲ್ಲಿ ಬಾಗಿಲಲ್ಲಿ ನಿಂತು ಹೆಸರು ಕರೆಯುವವನ ಮೇಲೆ ಜಗಳವಾದರೆ, ೨೦೨೪ರಲ್ಲಿ ಬಾಗಿಲಲ್ಲಿ ಮನುಷ್ಯನೇ ಇಲ್ಲವೆಂದು ಜಗಳವಾಯಿತು.

೨೦೨೫ರ ಜನವರಿಯಲ್ಲಿ ಉಭಯರೂ ಒಪ್ಪಿದರು. ಫೆಬ್ರವರಿಯಲ್ಲಿ ಕೂಲಿಕಾರರು ಬಹುದೊಡ್ಡ ಬಹುಮತದಿಂದ ಕರಾರಿಗೆ ಸಮ್ಮತಿಯಿತ್ತರು. ಪೂರ್ತಿಯಾಗಿ ಮನುಷ್ಯರಹಿತವಾದ ಯಂತ್ರಗಳಿಗೆ ಅದರಲ್ಲಿ ಅವಕಾಶವಿಲ್ಲ. ಅರೆ ತಾನಾಗಿ ನಡೆಯುವ ಹೊಸ ಯಂತ್ರ ಬಂದರೆ ಅದರೊಡನೆ ಮನುಷ್ಯನ ಕೆಲಸವೂ ಕಾಪಾಡಲ್ಪಡಬೇಕು. ಅವಧಿ ೨೦೩೦ರ ಸೆಪ್ಟೆಂಬರದವರೆಗೆ.

ಇದು ಪ್ರಗತಿಗೆ ಅಡ್ಡಗಾಲಲ್ಲವೇ ಎಂದು ಕೇಳುವವರಿದ್ದಾರೆ. ನಾವೂ ಕೇಳಿಕೊಂಡಿದ್ದೇವೆ. ಆದರೆ ಈ ಯಂತ್ರಗಳು ಹಡಗನ್ನು ಬೇಗ ಬಿಡುಗಡೆ ಮಾಡುತ್ತವೆಂಬುದೇ ಇನ್ನೂ ನಿಶ್ಚಯವಾಗಿಲ್ಲ. ಅಂತರರಾಷ್ಟ್ರೀಯ ಸಾರಿಗೆ ವೇದಿಕೆಯು ೨೦೨೧ರಲ್ಲಿ ಪ್ರಕಟಿಸಿದ ವರದಿಯಂತೆ, ಇಂಥ ಬಂದರುಗಳು ಸಾಮಾನ್ಯವಾಗಿ ಮನುಷ್ಯರು ನಡೆಸುವ ಬಂದರುಗಳಿಗಿಂತ ಹೆಚ್ಚು ಕೆಲಸ ತೆಗೆಯುವುದಿಲ್ಲ. ಅಮೇರಿಕಾ ಸರಕಾರದ ಲೆಕ್ಕತಪಾಸಣೆಯ ಕಚೇರಿಯು ೨೦೨೪ರಲ್ಲಿ ಹೊರಡಿಸಿದ ವರದಿಯಲ್ಲಿಯೂ ಫಲ ಮಿಶ್ರವೆಂದೇ ಕಂಡಿತು. ಕೆಲಸ ಬೇಗವಾಗದಿದ್ದರೆ ಯಂತ್ರವೇಕೆ? ಕೂಲಿ ಉಳಿಯುವುದಕ್ಕಾಗಿ, ಮತ್ತು, ಬಾಯಿಬಿಟ್ಟು ಯಾರೂ ಹೇಳದ ಮಾತೆಂದರೆ, ಯಂತ್ರವು ಮುಷ್ಕರ ಹೂಡುವುದಿಲ್ಲ. ಮುಖವಾಡವಿಲ್ಲದೆ ಈ ಎರಡು ಕಾರಣಗಳನ್ನು ಹೇಳಿದರೆ ಚರ್ಚೆಗಾದರೂ ಅನುಕೂಲವಾಗುತ್ತದೆ. ಪ್ರಗತಿಯ ಹೆಸರನ್ನು ಸುಮ್ಮನೆ ಬೀದಿಗೆ ತರಬಾರದು.

ಇನ್ನು ನಮ್ಮ ದೇಶಕ್ಕೆ ಬರೋಣ. ಮುಂಬಯಿಯ ಗೋದಿಗಳಲ್ಲಿ ಕೂಲಿಕಾರರನ್ನು ಒದಗಿಸುತ್ತಿದ್ದವರು ಟೋಲಿವಾಲಾ ಎಂಬ ಗುತ್ತಿಗೆದಾರರು. ಲಂಡನ್ನಿನ ಮೇಸ್ತ್ರಿಯ ಚಿತ್ರವನ್ನೇ ಇಲ್ಲಿಗೂ ಹೊಂದಿಸಿಕೊಂಡರಾಯಿತು. ೧೯೩೧ರಲ್ಲಿ ರಾಯಲ್ ಕಮಿಶನ್ನು ಬಂದರಿನ ಕೂಲಿಕಾರರ ಹೆಸರುಗಳನ್ನು ನೋಂದಿಸಬೇಕೆಂದು ಸಲಹೆ ಮಾಡಿತು. ಶಾಸನವಾದದ್ದು ೧೯೪೮ರಲ್ಲಿ, ಸ್ವರಾಜ್ಯ ಬಂದ ಮೇಲೆ. ಆ ಶಾಸನವನ್ನು ಕಾಗದದಿಂದ ಕಟ್ಟೆಗೆ ಇಳಿಸಲು ಹೆಣಗಿದವರಲ್ಲಿ ಪ್ಲಾಸಿಡ್ ಡಿಮೆಲ್ಲೋ ಮುಖ್ಯರು. ಇವರು ನಮ್ಮ ದಕ್ಷಿಣ ಕನ್ನಡದವರು. ಹೊಟ್ಟೆಪಾಡಿಗೆ ಮುಂಬಯಿಗೆ ಹೋದ ಸಾವಿರಾರು ಕರಾವಳಿಯ ತರುಣರಂತೆ ಹೋಗಿ, ಟ್ರಾನ್ಸ್‌ಪೋರ್ಟ್ ಅಂಡ್ ಡಾಕ್ ವರ್ಕರ್ಸ್ ಯೂನಿಯನ್ನನ್ನು ಬಲಪಡಿಸಿದರು. ೧೯೩೦ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸರು ಮುಂಬಯಿಯಲ್ಲಿ ಕೂಲಿಕಾರರ ಸಂಘಟನೆಯ ಪಾಠ ಕಲಿತದ್ದು ಇವರ ಬಳಿಯಲ್ಲಿಯೇ. ೧೯೫೮ರಲ್ಲಿ ಡಿಮೆಲ್ಲೋ ತೀರಿಕೊಂಡರು. ಮುಂಬಯಿಯ ಗೋದಿಗಳ ಮಗ್ಗುಲಲ್ಲಿ ಹಾಯುವ ಹೆದ್ದಾರಿಗೆ ಅವರ ಹೆಸರಿದೆ. ಆ ರಸ್ತೆಯಲ್ಲಿ ದಿನವೂ ನಡೆದಾಡುವ ಕನ್ನಡಿಗರಲ್ಲಿ ಎಷ್ಟು ಜನ ಆ ಹೆಸರಿನ ಮೂಲವನ್ನು ಬಲ್ಲರೋ ಕಾಣೆವು. ನಮ್ಮ ಶಾಲೆಯ ಪುಸ್ತಕಗಳಲ್ಲಿ ನಾವಂತೂ ಓದಲಿಲ್ಲ.

ಪೆಟ್ಟಿಗೆಯು ಹಿಂದುಸ್ಥಾನಕ್ಕೆ ೧೯೭೩ರಲ್ಲಿ ಕೊಚ್ಚಿಯ ಮೂಲಕ ಬಂದಿತು. ೧೯೮೯ರಲ್ಲಿ ಮುಂಬಯಿಯ ಎದುರುದಂಡೆಯ ನ್ಹಾವಾ ಶೇವಾದಲ್ಲಿ ಹೊಸ ಬಂದರ ತೆರೆದ ಮೇಲೆ ಹಳೆಯ ಗೋದಿಗಳ ಸದ್ದು ಅಡಗುತ್ತ ಬಂತು. ೧೯೪೮ರ ಶಾಸನವನ್ನು ದೊಡ್ಡ ಬಂದರುಗಳಿಗೆ ಅನ್ವಯಿಸದಂತೆ ಮಾಡಲು ೧೯೯೭ರಲ್ಲಿ ಇನ್ನೊಂದು ಶಾಸನವಾಯಿತು. ಪಟ್ಟಿ ಬರೆಯುವುದಕ್ಕೊಂದು ಶಾಸನ, ಅಳಿಸುವುದಕ್ಕೊಂದು ಶಾಸನ.

ನಮ್ಮ ನಾಡಿನ ದೊಡ್ಡ ಬಂದರು ಪಣಂಬೂರಿನ ನವಮಂಗಳೂರು. ೧೯೭೪ರಲ್ಲಿ ಅಲ್ಲಿಗೆ ಮೊದಲ ಹಡಗುಗಳು ಬಂದುವು. ೧೯೭೫ರ ಜನವರಿಯಲ್ಲಿ ಇಂದಿರಾ ಗಾಂಧಿಯವರು ಅದನ್ನು ವಿಧಿಪೂರ್ವಕವಾಗಿ ತೆರೆದರು. ಅಮೇರಿಕಾದ ಮುಷ್ಕರಕ್ಕೆ ಒಂದು ತಿಂಗಳು ಮುಂಚೆ, ೨೦೨೪ರ ಆಗಸ್ಟ ೨೮ರಿಂದ, ಹಿಂದುಸ್ಥಾನದ ದೊಡ್ಡ ಬಂದರುಗಳ ನೌಕರರೂ ಮುಷ್ಕರ ಹೂಡುವವರಿದ್ದರು. ೨೦೨೨ರ ಜನವರಿಯಿಂದ ಆಗಬೇಕಾಗಿದ್ದ ಸಂಬಳದ ಪರಿಷ್ಕರಣವು ಎರಡೂವರೆ ವರ್ಷ ಕಳೆದರೂ ಆಗಿರಲಿಲ್ಲ. ಹಿಂದಿನ ದಿನವಷ್ಟೇ ಸರಕಾರವು ಸಂಘಗಳನ್ನು ಕರೆದು ಮಾತನಾಡಿತು. ನೂರಕ್ಕೆ ಎಂಟೂವರೆಯ ಏರಿಕೆಗೆ ಒಪ್ಪಂದವಾಗಿ ಮುಷ್ಕರ ನಿಂತಿತು. ನಮ್ಮ ಪತ್ರಿಕೆಗಳು ಬಹಳಷ್ಟು ಇದನ್ನು ಒಳಪುಟದ ನಾಲ್ಕು ಗೆರೆಗಳಲ್ಲಿ ಮುಗಿಸಿ, ಅಮೇರಿಕಾದ ಮುಷ್ಕರಕ್ಕೆ ಮುಖಪುಟವನ್ನು ಕೊಟ್ಟುವು. ಅಲ್ಲಿ ಅರವತ್ತೊಂದೂವರೆ, ಇಲ್ಲಿ ಎಂಟೂವರೆ. ಎರಡೂ ಅಂಕೆಗಳ ಲೆಕ್ಕದ ಬುಡ ಬೇರೆಯಾದುದರಿಂದ ಅವನ್ನು ಪಕ್ಕಪಕ್ಕದಲ್ಲಿಟ್ಟು ತೂಗುವುದು ಸರಿಯಲ್ಲ. ಆದರೂ ಕಣ್ಣಿಗೆ ಬೀಳದೆ ಇರುವುದಿಲ್ಲ.

ಇಲ್ಲಿಯ ಒಪ್ಪಂದದ ಅವಧಿ ೨೦೨೬ರ ಡಿಸೆಂಬರ ೩೧ರವರೆಗೆ ಎಂದು ಗೊತ್ತುಮಾಡಲಾಯಿತು. ಮತ್ತೆ ಮಾತುಕತೆಯ ಕಾಲದಲ್ಲಿ ಯಂತ್ರದ ಪ್ರಶ್ನೆ ನಮ್ಮ ಕಟ್ಟೆಗಳಲ್ಲಿಯೂ ಏಳದೆ ಇರಲಾರದು. ಆಗ ಯಾರ ಹೆಸರುಗಳು ಪಟ್ಟಿಯಲ್ಲಿರುತ್ತವೆ, ಗುತ್ತಿಗೆದಾರನ ಕೈಕೆಳಗೆ ದಿನಗೂಲಿಗೆ ನಿಂತವರು ಯಾವ ಪಟ್ಟಿಯವರು ಎಂಬುದನ್ನು ಕೇಳಬೇಕಾಗುತ್ತದೆ. ಬರುವ ರಜೆಯಲ್ಲಿ ಹುಡುಗರನ್ನು ಮಂಗಳೂರಿಗೆ ಪ್ರವಾಸ ಕರೆದೊಯ್ಯುವ ಮಾಸ್ತರರು ಸಭೆಯಲ್ಲಿ ಇಬ್ಬರು ಮೂವರಿದ್ದಾರೆಂದು ಕೇಳಿದ್ದೇವೆ. ದೇವಸ್ಥಾನಗಳನ್ನೂ ಕಡಲತೀರವನ್ನೂ ತೋರಿಸಿದ ಮೇಲೆ ಅರ್ಧ ದಿನ ಬಿಡುವಾದರೆ ಹಳೆಯ ಬಂದರದ ದಕ್ಕೆಗೂ ಅವರನ್ನು ಕರೆದೊಯ್ಯಲಿ. ಲಕ್ಷದ್ವೀಪಕ್ಕೆ ಹೋಗುವ ಮಂಜಿಗಳಿಗೆ ಸರಕು ತುಂಬುವುದನ್ನು ಅಲ್ಲಿ ನೋಡಬಹುದು. ಹೊರುವವರಲ್ಲಿ ಒಬ್ಬರಿಬ್ಬರ ಹೆಸರನ್ನೂ ಊರನ್ನೂ ಹುಡುಗರು ಕೇಳಿ ಬರೆದುಕೊಂಡು ಬಂದರೆ, ಮುಂದಿನ ಸಭೆಯಲ್ಲಿ ನಾವು ಅದನ್ನು ಓದಿಸಿ ಕೇಳಲು ಸಿದ್ಧರಿದ್ದೇವೆ.